ಹಸಿರು ಕ್ಲಿಪ್ಪಿನ ಖುಷಿಯಕ್ಕ

ಆ ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಎಲ್ಲರ ಬಾಯಲ್ಲೂ ಅವಳು ಖುಷಿಯಕ್ಕ. ಡಾಕ್ಟರುಗಳ ಬಿಳಿ ಕೋಟುಗಳಿಗೆ ಇಸ್ತ್ರಿ ಹಾಕುವುದು ಅವಳ ಕೆಲಸ, ಅದೂ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ, ಮುಖಕ್ಕೆ ಸದಾ ಹಬೆ ಹೊಡೆಸಿಕೊಳ್ಳುತ್ತಲೇ. ಆದರೆ ಬಾಯಿ ಮಾತ್ರ ಒಂದು ನಿಮಿಷ ಸುಮ್ಮನಿರುತ್ತಿರಲಿಲ್ಲ. ಹಳದಿಗಟ್ಟಿದ ಕಾಲರೊಂದು ಕೈಗೆ ಸಿಕ್ಕಿದರೆ ಸಾಕು, ಅದನ್ನು ಎತ್ತಿ ಹಿಡಿದು, "ನೋಡ್ರೋ, ರೋಗಿಗಿಂತ ಈ ಡಾಕ್ಟ್ರೇ ಜಾಸ್ತಿ ಬೆವ್ತಿದ್ದಾರೆ" ಅನ್ನುತ್ತಿದ್ದಳು, ಆ ಕಡೆ ಒಗೆಯುವ ಮೆಷಿನ್ನುಗಳ ಗಡಗಡದ ನಡುವೆಯೂ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಈ ವಿದ್ಯೆ ಅವಳಿಗೆ ಲಾಂಡ್ರಿಯಲ್ಲಿ ಬಂದದ್ದಲ್ಲ. ಅಪ್ಪ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಮನುಷ್ಯ. ಸಂಜೆ ಬಾಗಿಲಲ್ಲಿ ಅವನು ಚಪ್ಪಲಿ ಬಿಡುವ ಸದ್ದು ಕೇಳಿಯೇ ಇವತ್ತು ಮನೆಯಲ್ಲಿ ತಟ್ಟೆ ಹಾರುತ್ತದೋ ಇಲ್ಲವೋ ಎಂದು ಈ ಹುಡುಗಿಗೆ ಗೊತ್ತಾಗಿಬಿಡುತ್ತಿತ್ತು. ಸದ್ದು ಜೋರಾಗಿದ್ದರೆ ಓಡಿಹೋಗಿ ಅವನ ಮುಂದೆ ನಿಂತು ಪಕ್ಕದ ಮನೆಯವರ ಕೆಮ್ಮನ್ನೋ, ಶಾಲೆಯ ಮೇಷ್ಟರ ನಡಿಗೆಯನ್ನೋ ಅಣಕಿಸಿ ತೋರಿಸುತ್ತಿದ್ದಳು. ಅವನು ನಕ್ಕುಬಿಟ್ಟರೆ ಅಮ್ಮ ಆ ದಿನಕ್ಕೆ ಬಚಾವ್. ಮದುವೆಯಾದ ಮೇಲೂ ಅದೇ ಡ್ಯೂಟಿ. ಗಂಡ ಹೊಡೆಯುವವನಲ್ಲ, ಬೈಯುವವನೂ ಅಲ್ಲ, ಬಸ್ ಡಿಪೋದ ಕೆಲಸ ಮುಗಿಸಿ ಮುಖ ಗಂಟು ಹಾಕಿಕೊಂಡು ಬಂದು ಗೋಡೆ ನೋಡುತ್ತಾ ಕೂರುವವನು, ಆ ಗಂಟು ಬಿಚ್ಚುವುದು ಇವಳ ಪಾಲಿಗೆ.

ಹೀಗಿರುವಾಗ ಲಾಂಡ್ರಿಗೆ ಹೊಸ ಮೇಡಂ ಬಂದರು. ವಯಸ್ಸು ಚಿಕ್ಕದು, ಉತ್ಸಾಹ ದೊಡ್ಡದು, ಯಾವುದೋ ಟ್ರೈನಿಂಗ್ ಮುಗಿಸಿ ಬಂದಿದ್ದರು. ಮನಸ್ಸು ಚೆನ್ನಾಗಿದ್ದರೆ ಕೆಲಸ ಚೆನ್ನಾಗಿರುತ್ತದೆ, ಎಲ್ಲರೂ ಪಾಸಿಟಿವ್ ಆಗಿರಬೇಕು ಎಂದು ಭಾಷಣ ಮಾಡಿ, ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಒಂದು ಬುಟ್ಟಿಯಲ್ಲಿ ತಂದು ಬಾಗಿಲ ಬಳಿ ಇಟ್ಟರು. ಬೆಳಿಗ್ಗೆ ಒಳಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಮೂಡಿಗೆ ತಕ್ಕ ಕ್ಲಿಪ್ಪು ಆರಿಸಿ ಕಾಲರಿಗೆ ಸಿಕ್ಕಿಸಿಕೊಳ್ಳಬೇಕು. ಚೆನ್ನಾಗಿದ್ದರೆ ಹಸಿರು, ಪರವಾಗಿಲ್ಲ ಎಂದರೆ ಹಳದಿ, ಸರಿಯಿಲ್ಲದಿದ್ದರೆ ಕೆಂಪು. ಕೆಂಪು ಹಾಕಿದವರನ್ನು ಮೇಡಂ ತಮ್ಮ ರೂಮಿಗೆ ಕರೆದು ಕಷ್ಟ ಸುಖ ಕೇಳುತ್ತಿದ್ದರು.

ಖುಷಿಯಕ್ಕ ಮೊದಲ ದಿನವೇ ಹಸಿರು ಸಿಕ್ಕಿಸಿಕೊಂಡಳು, ಆಮೇಲೆ ದಿನವೂ ಹಸಿರೇ. ಒಗೆಯುವ ಮೆಷಿನ್ನಿನವನು ಮಾತ್ರ ದಿನವೂ ಕೆಂಪು. ಅವನು ನೀರು ಬಿಸಿಯಾದರೂ ಗೊಣಗುತ್ತಿದ್ದ, ತಣ್ಣಗಾದರೂ ಗೊಣಗುತ್ತಿದ್ದ, ಆದ್ದರಿಂದ ಅವನಿಗೆ ಗೊಣಗಣ್ಣ ಎಂದೇ ಹೆಸರು. ಮೇಡಂ ರೂಮಿಂದ ಒಂದು ದಿನ ಹೊಸ ಗ್ಲೌಸು, ಇನ್ನೊಂದು ದಿನ ಟೇಬಲ್ ಫ್ಯಾನು ಹಿಡಿದುಕೊಂಡು ಬರುತ್ತಿದ್ದ. ಅವನನ್ನು ಹೆಚ್ಚು ಆಡಿಕೊಂಡವಳು ಖುಷಿಯಕ್ಕನೇ.

"ಗೊಣಗಣ್ಣ, ನಿನ್ನ ಕ್ಲಿಪ್ಪು ಒಗೆದ್ರೂ ಬಣ್ಣ ಬಿಡಲ್ವಲ್ಲೋ."

"ನೀನು ನಗ್ತಾ ಇರಕ್ಕ," ಅಂದ ಅವನು, ಫ್ಯಾನಿನ ಗಾಳಿಗೆ ಮುಖ ಒಡ್ಡಿ.

ಅಷ್ಟರಲ್ಲಿ ಅವಳ ಕಾಲು ಕೆಟ್ಟಿತ್ತು. ಮೀನಖಂಡದ ತುಂಬ ನೀಲಿ ನರಗಳು ಹುರಿಯ ಹಾಗೆ ಉಬ್ಬಿಕೊಂಡು, ಸಂಜೆಯ ಹೊತ್ತಿಗೆ ಪಾದ ಊದಿ ಚಪ್ಪಲಿಗೆ ತೂರುತ್ತಿರಲಿಲ್ಲ. ಮಹಡಿಯ ಡಾಕ್ಟರೊಬ್ಬರು ನೋಡಿ, ಇನ್ನು ಹೀಗೆ ನಿಂತರೆ ಹುಣ್ಣಾಗುತ್ತದೆ, ಕೂತು ಮಾಡುವ ಕೆಲಸ ಕೇಳಿಕೊಳ್ಳಿ, ಇಲ್ಲವೇ ಕೆಲಸ ಬಿಡಿ ಎಂದು ಖಡಾಖಂಡಿತವಾಗಿ ಹೇಳಿದ್ದರು. ಅದನ್ನೂ ಅವಳು ಲಾಂಡ್ರಿಗೆ ಬಂದು ಹೇಳಿದ್ದು ಹೇಗೆ? "ನನ್ನ ಕಾಲಲ್ಲಿ ರೋಡ್ ಮ್ಯಾಪ್ ಬಂದಿದೆ, ದಾರಿ ತಪ್ಪಿದವರು ಬಂದು ನೋಡ್ಕೊಂಡು ಹೋಗಿ." ಮೇಡಮ್ಮೇ ಬಿದ್ದು ಬಿದ್ದು ನಕ್ಕರು. ಆಮೇಲೆ ದಿನವೂ ನೋವು ಹೆಚ್ಚಾದಾಗಲೆಲ್ಲ ಅವಳು ಆ ಮ್ಯಾಪಿಗೆ ಒಂದು ಹೊಸ ರಸ್ತೆ ಸೇರಿಸಿ ಹೇಳುತ್ತಿದ್ದಳು, ಅವರು ನಗುತ್ತಿದ್ದರು.

ಕೂತು ಮಾಡುವ ಕೆಲಸ ಅಲ್ಲಿ ಇದ್ದದ್ದು ಒಂದೇ. ಹರಿದ ಹಾಸು ಹೊಲಿಯುವ, ಕೋಟಿಗೆ ಗುಂಡಿ ಹಚ್ಚುವ ಮೇಜು, ಬೆನ್ನು ಒರಗಿಸಿ ಕೂರುವಂಥ ಕುರ್ಚಿ. ಅಲ್ಲಿದ್ದ ಹೊಲಿಗೆಯಮ್ಮ ರಿಟೈರ್ ಆದಾಗ ಖುಷಿಯಕ್ಕನಿಗೆ ಎದೆ ಹಗುರಾಯಿತು. ಹೊಲಿಗೆ ಅವಳಿಗೆ ಚೆನ್ನಾಗಿ ಬರುತ್ತದೆ, ಸರ್ವಿಸ್ಸಿನಲ್ಲೂ ಅವಳೇ ಹಿರಿಯಳು, ಕಾಲಿನ ವಿಷಯ ಎಲ್ಲರಿಗೂ ಗೊತ್ತು. ಬಾಯಿಬಿಟ್ಟು ಕೇಳುವುದೇನಿದೆ ಎಂದುಕೊಂಡು ಸುಮ್ಮನಿದ್ದಳು.

ಕುರ್ಚಿ ಗೊಣಗಣ್ಣನಿಗೆ ಹೋಯಿತು.

ಅವನಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ, ಕಲಿಸೋಣ ಎಂದರಂತೆ ಮೇಡಂ, ಪಾಪ ತುಂಬಾ ನೊಂದಿದ್ದಾನೆ ಎಂದರಂತೆ. ಖುಷಿಯಕ್ಕ ಇಸ್ತ್ರಿ ಪೆಟ್ಟಿಗೆ ಇಟ್ಟು ಸೀದಾ ಅವರ ರೂಮಿಗೆ ಹೋದಳು. ತನಗೆ ಯಾಕೆ ಕೊಡಲಿಲ್ಲ ಎಂದು ಕೇಳಿದಳು.

"ನಿಮ್ಮನ್ನ ಅಲ್ಲಿಂದ ಎತ್ತಿಬಿಟ್ರೆ ಇಡೀ ರೂಮೇ ಡಲ್ ಆಗೋಗುತ್ತೆ ಅಕ್ಕ. ನೀವು ಹೇಗಿದ್ರೂ ಖುಷಿಯಾಗಿದ್ದೀರಲ್ಲ."

"ನನ್ನ ಕಾಲು ಮೇಡಂ."

ಮೇಡಂ ಮುಖ ಅರಳಿತು, ಇವತ್ತೇನು ಹೊಸ ರಸ್ತೆ ಎಂದು ಕೇಳುವವರ ಹಾಗೆ. ಅವಳು ಬಟ್ಟೆ ಮೊಣಕಾಲಿನವರೆಗೆ ಎತ್ತಿದಳು. ನಗು ಅಲ್ಲೇ ನಿಂತಿತು.

"ಅಯ್ಯೋ, ಇದನ್ನ ಮೊದ್ಲೇ ಹೇಳೋದಲ್ವಾ?"

"ದಿನಾ ಹೇಳ್ತಿದ್ದೆ. ನೀವು ನಗ್ತಿದ್ರಿ."

ಆದರೆ ಗೊಣಗಣ್ಣನ ಆರ್ಡರು ಮೇಲಕ್ಕೆ ಹೋಗಿಯಾಗಿತ್ತು, ಇನ್ನು ವಾಪಸ್ ತಗೊಂಡರೆ ಅವನ ಮನಸ್ಸು ಮುರಿಯುತ್ತದಂತೆ, ಮುಂದೆ ನೋಡೋಣ ಎಂದರು. ಆ ಸಂಜೆ ಅವಳು ಗಂಡನ ಎದುರು ಕೂತು, ಇವತ್ತು ನನಗೆ ತುಂಬಾ ಬೇಜಾರಾಗಿದೆ ಎಂದಳು. ಇಷ್ಟು ವರ್ಷದಲ್ಲಿ ಮೊದಲ ಸಲ. ಅವನು ಗೋಡೆಯಿಂದ ಕಣ್ಣು ತೆಗೆದು ಅವಳನ್ನು ನೋಡಿದ, ಯಾರೋ ಕರೆಂಟು ತೆಗೆದರು ಎಂಬಂಥ ನೋಟ ಅದು. "ನೀನೇ ಹೀಗಂದ್ರೆ ಹೇಗೆ?" ಎಂದು ಹೇಳಿ ಮತ್ತೆ ಗೋಡೆಗೆ ತಿರುಗಿದ.

ಮಾರನೆಯ ಬೆಳಿಗ್ಗೆ ಅವಳು ಬುಟ್ಟಿಯಿಂದ ಕೆಂಪು ಕ್ಲಿಪ್ಪು ತೆಗೆದು ಸಿಕ್ಕಿಸಿಕೊಂಡಳು. ಇಡೀ ಲಾಂಡ್ರಿಗೆ ಸೂತಕ. ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ, ಬೆಳಗ್ಗೆ ಬೆಳಗ್ಗೆ ಮೂಡು ಹಾಳಾಯಿತು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಗೊಣಗಣ್ಣ ಹೊಸ ಕುರ್ಚಿಯಿಂದಲೇ, ಅಕ್ಕನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಎಂದು ಗೊಣಗಿದ.

ಮೇಡಂ ಕರೆಸಿದರು. ಕುರ್ಚಿ ಅವರದೊಂದೇ, ಇವಳು ನಿಂತಳು. ಮನಸ್ಸನ್ನು ನಾವೇ ಹೇಗೆ ಹತೋಟಿಯಲ್ಲಿ ಇಟ್ಟುಕೊಳ್ಳಬೇಕು, ಬೆಳಿಗ್ಗೆ ಎದ್ದಕೂಡಲೇ ಒಳ್ಳೆಯ ಸಂಗತಿಗಳನ್ನು ಹೇಗೆ ನೆನಪಿಸಿಕೊಳ್ಳಬೇಕು, ಉಸಿರನ್ನು ಹೇಗೆ ನಿಧಾನವಾಗಿ ಬಿಡಬೇಕು ಎಂದು ಅವರು ಬಹಳ ಪ್ರೀತಿಯಿಂದ, ಬಹಳ ಹೊತ್ತು ಹೇಳಿದರು. ಅಷ್ಟೂ ಹೊತ್ತು ಅವಳು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಾಯಿಸುತ್ತಾ ನಿಂತಿದ್ದಳು.

"ಮೊದ್ಲು ಒಂದು ಕುರ್ಚಿ ಹಾಕ್ಸಿ ಮೇಡಂ, ಆಮೇಲೆ ಉಸಿರು ಬಿಡ್ತೀನಿ."

ಮೇಡಂ ಚಪ್ಪಾಳೆ ತಟ್ಟಿ ನಕ್ಕರು. "ಅಬ್ಬ, ನಮ್ಮ ಖುಷಿಯಕ್ಕ ವಾಪಸ್ ಬಂದ್ರು." ಎದ್ದು ಬಂದು ತಾವೇ ಅವಳ ಕಾಲರಿನ ಕೆಂಪು ಕ್ಲಿಪ್ಪು ಬಿಚ್ಚಿ, ಅಲ್ಲಿಗೆ ಹಸಿರು ಸಿಕ್ಕಿಸಿ, ಭುಜ ತಟ್ಟಿ ಕಳಿಸಿದರು. ಅವಳ ಮುಖದಲ್ಲಿ ನಗು ಇರಲಿಲ್ಲ ಎಂಬುದು ಅವರ ಗಮನಕ್ಕೆ ಬರಲೇ ಇಲ್ಲ.

ಹಸಿರು ಕಂಡದ್ದೇ ಲಾಂಡ್ರಿಯವರಿಗೆಲ್ಲ ಹೋದ ಜೀವ ಬಂದಂತಾಯಿತು. ಏನಕ್ಕ, ಒಂದು ಜೋಕ್ ಬಿಡಿ ಎಂದು ಯಾರೋ ಕೂಗಿದರು. ಅವಳ ಮೇಜಿನ ಪಕ್ಕದಲ್ಲಿ ಒಗೆದು ಶುಚಿ ಮಾಡಿದ ಕೋಟುಗಳ ದೊಡ್ಡ ಮೂಟೆ ಇತ್ತು. ಒಗೆದ ಬಟ್ಟೆಗೆ ಮೈ ತಾಗಿಸುವುದು ಅಲ್ಲಿ ಮಹಾ ಅಪರಾಧ, ತಾಗಿದರೆ ಎಲ್ಲವನ್ನೂ ಮತ್ತೆ ಒಗೆಯಬೇಕು. ಖುಷಿಯಕ್ಕ ಚಪ್ಪಲಿ ಬಿಟ್ಟು, ಆ ಬಿಳಿ ಮೂಟೆಯ ಮೇಲೆ ಕೂತು, ಊದಿದ ಕಾಲುಗಳನ್ನೂ ಅದರ ಮೇಲೆಯೇ ಚಾಚಿದಳು.

ಎಲ್ಲರೂ ಗೊಳ್ಳೆಂದು ನಕ್ಕರು. ಗೊಣಗಣ್ಣನೂ ನಕ್ಕ. ಸ್ವಲ್ಪ ಹೊತ್ತಿಗೆ ಆ ಮೂಲೆಯಲ್ಲಿ ಒಬ್ಬನ ನಗು ನಿಂತಿತು, ಆಮೇಲೆ ಈ ಕಡೆಯವರದು. ಅವಳು ಕೂತೇ ಇದ್ದಳು.