ನಡುಮನೆಯ ದಿಣ್ಣೆಗಳು

ಹೋದ ಭಾನುವಾರ ನೀವೆಲ್ಲ ಬಂದಾಗ ನಿಮ್ಮಲ್ಲಿ ಚಿಕ್ಕವಳು ನಡುಮನೆಯ ಗೋಡೆಯ ಬುಡದಲ್ಲಿರುವ ಮೊಳೆಯ ತೂತುಗಳಿಗೆ ಬೆರಳಿಟ್ಟುಕೊಂಡು, "ಅಜ್ಜಿ, ಇಲ್ಲಿದ್ದ ಕಾರ್ಪೆಟ್ಟು ಏನಾಯ್ತು?" ಎಂದು ಕೇಳಿದಳು. ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ. "ಹಳೇದಾಗಿತ್ತು, ತೆಗೆಸ್ಬಿಟ್ಟೆ" ಎಂದೆ. ಅಷ್ಟೇ ಆಗಿದ್ದರೆ ಬರೆಯಬೇಕಾಗಿರಲಿಲ್ಲ. ನಮ್ಮೂರ ಶಾಲೆಯಲ್ಲಿ ಕಲಿತ ಅಕ್ಷರ ಇಷ್ಟಕ್ಕೆ ಸಾಕು ಎಂದುಕೊಂಡು ಕೂತಿದ್ದೇನೆ.

ಚಾಮರಾಜಪೇಟೆಯ ಈ ಮನೆಗೆ ಮೊದಲಿನಿಂದಲೂ ಕೆಂಪು ಗಾರೆಯ ನೆಲ. ನಿಮ್ಮ ದೊಡ್ಡಜ್ಜಿ, ಅಂದರೆ ತಾತನ ಅಕ್ಕ, ನನಗೆ ಅತ್ತಿಗೆ, ಒಮ್ಮೆ ಅದರ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ ಆಗಿ ವಾಕರ್ ಹಿಡಿದು ನಡೆಯುವಂತಾದ ಮೇಲೆ ತಾತ ಮಾಮೂಲ್‌ಪೇಟೆಯ ಕಡೆಯಿಂದ ಕಾರ್ಪೆಟ್ಟು ತರಿಸಿ ಗೋಡೆಯಿಂದ ಗೋಡೆಗೆ ಹಾಕಿಸಿದರು. ಸುತ್ತ ಮರದ ಪಟ್ಟಿ ಬಡಿದು ಅದಕ್ಕೆ ಬಿಗಿದಿದ್ದರು. ಅತ್ತಿಗೆಯ ಕೋಣೆ ಒಂದು ಕಡೆ, ಬಚ್ಚಲುಮನೆ ಇನ್ನೊಂದು ಕಡೆ, ಮಧ್ಯೆ ನಡುಮನೆ. ಅದನ್ನು ಅವರು ಒಬ್ಬರೇ ದಾಟುತ್ತಿದ್ದರು. ತೋಳು ಹಿಡಿಯಲು ಹೋದವರಿಗೆ, "ನಾನೇನು ಹೊಸ ಮದುವಣಗಿತ್ತಿನಾ, ಕೈ ಹಿಡ್ದು ಕರ್ಕೊಂಡು ಹೋಗೋಕೆ?" ಎನ್ನುತ್ತಿದ್ದರು. ನನ್ನ ಹತ್ತಿರ ಮಾತ್ರ ಒಂದು ಸಲ ಮೆಲ್ಲಗೆ ಹೇಳಿದ್ದರು: "ಮಲಗಿದ ಕಡೇನೇ ಎಲ್ಲಾ ಆಗೋ ಹಂಗಾಗ್ಬಾರ್ದು ಕಣೆ. ಅದೊಂದು ಬೇಡ. ಬೇರೆ ಏನಾದ್ರೂ ಆಗ್ಲಿ."

ತಾತ ತೀರಿಕೊಂಡದ್ದು ಮಳೆಗಾಲದಲ್ಲಿ. ಅವರನ್ನು ನಡುಮನೆಯಲ್ಲೇ, ಆ ಕಾರ್ಪೆಟ್ಟಿನ ಮೇಲೆ ಚಾಪೆ ಹಾಸಿ ಮಲಗಿಸಿದ್ದರು. ನಮ್ಮಲ್ಲಿ ಹೆಣ ಹೊರಗೆ ಹೋದ ತಕ್ಷಣ ಆ ಜಾಗಕ್ಕೆ ನೀರು ಸುರಿದು ತೊಳೆದು ದೀಪ ಇಡುತ್ತಾರೆ. ಕಾರ್ಪೆಟ್ಟಿಗೆ ನೀರು ಸುರಿಯುವುದು ಹೇಗೆ? ನಿಮ್ಮ ಅಮ್ಮ ಅರಿಶಿನದ ನೀರು ಚಿಮುಕಿಸಿ ದೀಪ ಇಟ್ಟಳು. ಅತ್ತಿಗೆ ಅದನ್ನು ತಮ್ಮ ಬಾಗಿಲಲ್ಲಿ ನಿಂತು ನೋಡಿದರು. ಅಂದಿನಿಂದ ಊಟ ಸರಿಯಾಗಿ ಸೇರಲಿಲ್ಲ. "ನನ್ನ ತಮ್ಮ ಮಲಗಿದ್ದ ಜಾಗಕ್ಕೆ ಒಂದು ಕೊಡ ನೀರು ಬೀಳ್ಲಿಲ್ಲ" ಎಂಬ ಒಂದೇ ಮಾತು.

ತಿಥಿಗೆ ಮೊದಲು ಮನೆಯೆಲ್ಲ ತೊಳೆಯಬೇಕಲ್ಲ. ನಿಮ್ಮ ಅಮ್ಮ ಫೋನು ಮಾಡಿ ಕಾರ್ಪೆಟ್ ತೊಳೆಯುವವರನ್ನು ಕರೆಸಿದಳು. ಇಬ್ಬರು ಮೆಷಿನ್ ಹೊತ್ತು ಬಂದರು. ಬರೀ ನೊರೆ ಹಾಕಿ ಉಜ್ಜಿ, ಮೆಷಿನ್ನಿನಲ್ಲಿ ಹೀರಿಬಿಡುತ್ತೇವೆ ಎಂದರು.

"ನೊರೆಯಿಂದ ಸೂತಕ ಹೋಗುತ್ತೇನಪ್ಪ?" ಅತ್ತಿಗೆ ಕೇಳಿದರು. "ನೀರು ಹರೀಬೇಕು."

"ನೀರು ಹರಿಯೋಕೆ ಇದು ಬಚ್ಚಲಲ್ಲ ಅಜ್ಜಿ. ಅಡಿ ನೆಂದ್ರೆ ಉಬ್ಬುತ್ತೆ."

"ಬಚ್ಚಲಲ್ದಿದ್ರೂ ಬಚ್ಚಲಿಗೆ ಹೋಗೋ ದಾರಿ ತಾನೆ? ನಡೆಯೋಳು ನಾನು. ಹಾಕು."

ಅವರಲ್ಲಿ ದೊಡ್ಡವನು ನಿಮ್ಮ ಅಮ್ಮನ ಮುಖ ನೋಡಿದ. ಅವಳು, "ಹಾಕ್ಬಿಡಿ, ಅವರ ಮನಸ್ಸಿಗೆ ಸಮಾಧಾನ ಆಗ್ಲಿ" ಎಂದಳು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ನನಗೂ ಅದೇ ಸರಿ ಅನ್ನಿಸಿತ್ತು. ಅತ್ತಿಗೆ ಹೇಳುತ್ತ ಹೋದರು, ಅವರು ಬಕೆಟ್ಟಿನಿಂದ ಸುರಿಯುತ್ತ ಹೋದರು. ಆಮೇಲೆ ಮೆಷಿನ್ನಿನಿಂದ ಎಷ್ಟು ಹೀರಿದರೂ ಕಾಲಿಟ್ಟಲ್ಲಿ ನೀರು ಜಿನುಗುತ್ತಿತ್ತು. ಆ ದಿನ ಅತ್ತಿಗೆ ಸಾರು ಕೇಳಿ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಬೆಳಗಾಗುವಷ್ಟರಲ್ಲಿ ನಡುಮನೆ ಉತ್ತ ಹೊಲದ ಹಾಗೆ ಎದ್ದಿತ್ತು. ಕಿಟಕಿಯ ಕಡೆ ಸಣ್ಣ ಅಲೆಗಳು. ಬಚ್ಚಲುಮನೆಯ ಬಾಗಿಲ ಮುಂದೆ ಮೊಣಕೈಯಷ್ಟು ದಪ್ಪದ ದಿಣ್ಣೆಗಳು, ಒಂದರ ಹಿಂದೆ ಒಂದು. ತುಳಿದರೆ ಇಲ್ಲಿ ತಗ್ಗಿ ಅಲ್ಲಿ ಏಳುತ್ತಿದ್ದವು. ಅತ್ತಿಗೆ ವಾಕರ್ ತಳ್ಳಿಕೊಂಡು ಬಂದರು. ವಾಕರಿನ ಮುಂದಿನ ಕಾಲು ದಿಣ್ಣೆಗೆ ಸಿಕ್ಕಿಕೊಂಡು ವಾಲಿತು. ನಾನು ಓಡಿ ಹೋಗಿ ಅಪ್ಪಿ ಹಿಡಿದೆ. ಇಬ್ಬರೂ ಗೋಡೆಗೆ ಒರಗಿ ನಿಂತೆವು.

ತೊಳೆದವರಿಗೆ ಫೋನು ಹೋಯಿತು. ಒಣಗಿದ ಮೇಲೆ ತಾನಾಗಿಯೇ ಕೂತುಕೊಳ್ಳುತ್ತದೆ, ಫ್ಯಾನ್ ಹಾಕಿಡಿ, ಮೇಲೆ ಭಾರ ಇಡಬೇಡಿ, ಎಳೆಯಬೇಡಿ ಎಂದರು. ಕಿತ್ತು ಹಾಕೋಣವೇ ಎಂದು ನಾನು ಕೇಳಿದ್ದಕ್ಕೆ ನಿಮ್ಮ ಅಮ್ಮ, "ಅಪ್ಪ ಹಾಕ್ಸಿದ್ದಮ್ಮ. ಎರಡು ದಿನ ತಡ್ಕೊಳೋಣ" ಎಂದು ಅತ್ತುಬಿಟ್ಟಳು. ಅಲ್ಲಿಯವರೆಗೆ ದೊಡ್ಡಜ್ಜಿ ಮಂಚದಿಂದ ಇಳಿಯಬಾರದು ಎಂದಾಯಿತು. ಮೆಡಿಕಲ್ ಅಂಗಡಿಯಿಂದ ಬೆಡ್‌ಪ್ಯಾನ್ ಬಂತು.

ಮೊದಲ ಸಲ ಅದನ್ನಿಟ್ಟಾಗ ಅತ್ತಿಗೆ ಗೋಡೆಯ ಕಡೆ ತಿರುಗಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಕಿಟಕಿ ನೋಡುತ್ತ ನಿಂತಿದ್ದೆ. ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. "ಕುಡೀರಿ ಅತ್ತಿಗೆ" ಎಂದರೆ, "ಯಾಕೆ, ನಿನಗೆ ಕೆಲಸ ಸಾಲ್ದಾ?" ಎನ್ನುತ್ತಿದ್ದರು. ಬೆಳಗ್ಗೆ ಕಾಫಿ ಒಯ್ದರೆ ಲೋಟ ಹಿಡಿಯುವ ಮೊದಲೇ ಕೇಳುತ್ತಿದ್ದರು:

"ಅದು ಕೂತ್ಕೊಂತಾ?"

"ಸ್ವಲ್ಪ ತಗ್ಗಿದೆ ಅತ್ತಿಗೆ. ಇವತ್ತು ಬಿಸಿಲು ಬಂದ್ರೆ ಪೂರ್ತಿ ಕೂತ್ಕೊಳುತ್ತೆ."

ಬಿಸಿಲು ಬರಲಿಲ್ಲ. ಬಟ್ಟೆಯೇ ಒಣಗದ ಮಳೆ ಅದು. ಮುಗ್ಗುಲು ವಾಸನೆ ಅಡುಗೆಮನೆಯವರೆಗೆ ಹಬ್ಬಿತು. ತಿಥಿಗೆ ಬಂದವರು ಎಡವುತ್ತ, ಸೀರೆ ಎತ್ತಿಕೊಂಡು ದಾಟಿದರು. ಯಾರೋ ಒಬ್ಬರು, "ತೊಳ್ಸಿದ್ಮೇಲೆ ಹಿಂಗಾಯ್ತಾ? ತೊಳೀದಿದ್ರೇ ಚೆನ್ನಾಗಿತ್ತಲ್ಲ" ಎಂದರು. ಒಳಗಿನಿಂದ ಅತ್ತಿಗೆ ಕೆಮ್ಮಿದ್ದು ಕೇಳಿಸಿತು. ಎರಡು ದಿನ ಎಂದದ್ದು ವಾರಗಳಾದವು. ಒಣಗಿತು, ಸಣ್ಣ ಅಲೆಗಳು ಮಲಗಿದವು. ಬಚ್ಚಲುಮನೆಯ ಮುಂದಿನವು ಮಾತ್ರ ಹಾಗೇ ನಿಂತವು.

ಕೊನೆಗೆ ಕಾರ್ಪೆಟ್ಟು ಹಾಕುವವನನ್ನೇ ಕರೆಸಿದೆವು. ಅಂಚು ಬಿಚ್ಚಿ, ಮೊಣಕಾಲಿನಿಂದ ಗುದ್ದಿ ಎಳೆಯುವ ಒಂದು ಸಾಧನದಿಂದ ಗೋಡೆಯ ಕಡೆಗೆ ಬಿಗಿದ. "ಬೆಳೆದುಬಿಟ್ಟಿದೆ ಅಮ್ಮ" ಎಂದು ಹೆಚ್ಚಾದ ಅಂಚನ್ನು ಕತ್ತರಿಸಿ ಸುರುಳಿ ಸುತ್ತಿ ಕೊಟ್ಟ. ನೆಲ ಮಟ್ಟವಾಯಿತು. ಅಂಗೈ ಹಾಕಿ ಸವರಿ ನೋಡಿದೆ. ಆಮೇಲೆ ವಾಕರನ್ನು ಒರೆಸಿಕೊಂಡು ಅತ್ತಿಗೆಯ ಕೋಣೆಗೆ ಹೋದೆ.

"ಕೂತ್ಕೊಂಡಿದೆ ಅತ್ತಿಗೆ. ಬನ್ನಿ."

ಅವರು ಎದ್ದು ಕೂತು, ಕೂದಲು ಸರಿಮಾಡಿಕೊಂಡು, ಕಾಲು ಕೆಳಗಿಟ್ಟರು. ವಾಕರ್ ಹಿಡಿದು ಏಳಲು ಹೋದರು; ಮೊಣಕಾಲು ನಡುಗಿ ಹಾಗೇ ಕೂತರು. ಮತ್ತೆ ಎದ್ದರು. ನಾನು ಸೊಂಟಕ್ಕೆ ಕೈ ಹಾಕಿದೆ; ಬೇಡ ಎನ್ನಲಿಲ್ಲ. ಕಣಕಾಲು ನನ್ನ ಮುಂಗೈಯಷ್ಟು ಸಣ್ಣಗಾಗಿತ್ತು. ಹೊಸಿಲಿನವರೆಗೂ ಆಗಲಿಲ್ಲ. ಬೆವರು ಒರೆಸಿಕೊಂಡು ಮಂಚದ ಅಂಚಿನಲ್ಲಿ ಕೂತು, ಬಾಗಿಲಿನಿಂದ ಕಾಣುವ ಮಟ್ಟವಾದ ಕಾರ್ಪೆಟ್ಟನ್ನು ಬಹಳ ಹೊತ್ತು ನೋಡಿದರು.

"ಚೆನ್ನಾಗಿ ಮಾಡಿದಾನೆ" ಎಂದರು. ಆಮೇಲೆ, "ಆ ಪ್ಯಾನ್ ಕೊಡು" ಎಂದರು. ಅವರಾಗಿಯೇ ಕೇಳಿದ್ದು ಅದೇ ಮೊದಲು.

ಮತ್ತೆ ಅವರು ನಡೆಯಲಿಲ್ಲ. ಫಿಸಿಯೋದವರು ಬಂದು ಹೋದರು, ಬೆನ್ನಿಗೆ ಹುಣ್ಣಾಯಿತು, ದೀಪಾವಳಿಗೆ ಮೊದಲೇ ಹೋದರು. ಬೆಳಗ್ಗೆ ಕಾಫಿ ಒಯ್ದಾಗ ಕೊನೆಕೊನೆಗೆ ಏನೂ ಕೇಳುತ್ತಿರಲಿಲ್ಲ.

ಅವರನ್ನೂ ನಡುಮನೆಯಲ್ಲೇ ಮಲಗಿಸಿದರು. ಗಂಡಸರು ಅವರನ್ನು ಹೊತ್ತು ಹೋದ ಮೇಲೆ ನಿಮ್ಮ ಅಮ್ಮ ಅರಿಶಿನದ ನೀರಿನ ಚೊಂಬು ಹಿಡಿದು ಬಂದಳು. ನಾನು ಬೇಡ ಎಂದೆ. ಅಷ್ಟು ಜನರ ಮುಂದೆ ನನ್ನ ಗಂಟಲಿನಿಂದ ಅದು ಹೇಗೆ ಹೊರಟಿತೋ ಗೊತ್ತಿಲ್ಲ. ಇಕ್ಕಳ ತಂದು ಒಂದು ಮೂಲೆಯಲ್ಲಿ ನಾನೇ ಎಳೆದೆ. ಉಳಿದ ಹೆಂಗಸರು ಕೈ ಹಾಕಿದರು. ಕಾರ್ಪೆಟ್ಟು, ಅದರಡಿಯ ಮುಗ್ಗಿದ ರಬ್ಬರಿನ ಪದರ, ಮರದ ಪಟ್ಟಿಗಳು, ಎಲ್ಲವೂ ಅಂಗಳಕ್ಕೆ ಹೋದವು. ಕೆಂಪು ನೆಲ ಅಲ್ಲಲ್ಲಿ ಕಪ್ಪಾಗಿತ್ತು. ಅವರು ಮಲಗಿದ್ದ ಜಾಗದಿಂದ ಕೊಡದಲ್ಲಿ ನೀರು ಸುರಿದೆ. ನೀರು ನಡುಮನೆ ದಾಟಿ, ಅವರು ಹೋಗುತ್ತಿದ್ದ ದಾರಿಯಲ್ಲೇ ಬಚ್ಚಲಿಗೆ ಹರಿಯಿತು. ಆಮೇಲೆ ದೀಪ ಇಟ್ಟೆ.

ಈಗ ನಾನು ಗೋಡೆ ಹಿಡಿದು ನಡೆಯುತ್ತೇನೆ. ಈ ನೆಲ ಒದ್ದೆಯಾದರೆ ತುಂಬ ಜಾರುತ್ತದೆ. ಬಚ್ಚಲುಮನೆಯಿಂದ ಕಾಲು ಒರೆಸಿಕೊಳ್ಳದೆ ಓಡಿ ಬಂದರೆ ನಾನು ನಿಮ್ಮನ್ನು ಗದರಿಸುವುದು ಅದಕ್ಕೇ ಮಕ್ಕಳೇ, ಸಿಟ್ಟಿನಿಂದಲ್ಲ.