ಪ್ರಸ್ಥಾನದ ಚೀಲ

ಗಾದಿಗನೂರಿನ ಬಳಿ ಅದಿರು ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡು ಎರಡು ತಾಸಾಯಿತು. ಜೀಪಿನಲ್ಲಿ ನಮ್ಮತ್ತೆಯಿಂದ ಹಿಡಿದು ಮೂರು ವರ್ಷದ ಮಗಳವರೆಗೆ ಒಂಬತ್ತು ಜನ; ಹೊರಟಿದ್ದು ಹೈದರಾಬಾದಿನ ವಾಟರ್ ಪಾರ್ಕಿಗೆ. ಇವತ್ತು ದಿನ ಚೆನ್ನಾಗಿಲ್ಲವೆಂದು ಅತ್ತೆ ನಿನ್ನೆಯೇ ಒಳ್ಳೆಯ ಗಳಿಗೆ ನೋಡಿ, ಒಂದು ಚೀಲವನ್ನು ಪಕ್ಕದ ಮನೆಯಲ್ಲಿ ಪ್ರಸ್ಥಾನ ಇಟ್ಟಿದ್ದರು. ಚೀಲ ಹೊರಟರೆ ನಾವೇ ಹೊರಟಂತೆ! ಈಗ ಮಗಳು “ನನ್ನ ಈಜೋ ಡ್ರೆಸ್ಸೆಲ್ಲಿ?” ಎಂದಾಗ ನೆನಪಾಯಿತು: ಮಕ್ಕಳ ಬಟ್ಟೆಯೆಲ್ಲ ಆ ಚೀಲದಲ್ಲಿದೆ, ಚೀಲ ಇನ್ನೂ ಪಕ್ಕದ ಮನೆಯಲ್ಲೇ ಇದೆ.

“ತಿರುಗಿ ಹೋಗೋಣೇನ್ರಿ ಅತ್ತಿ?” ಎಂದೆ.

“ಹೋದ್ರ ಮತ್ತ ಹೊಸಾ ಗಳಿಗಿ ನೋಡಿ, ಮತ್ತ ಪ್ರಸ್ಥಾನ ಇಡಬೇಕವಾ.”

“ಇಡ್ರಿ. ಈ ಸಲ ನನ್ನನ್ನೇ ಇಡ್ರಿ. ನಾ ಅಲ್ಲೇ ಇರ್ತೀನಿ, ನೀವೆಲ್ಲಾ ಹೋಗಿ ಬರ್ರಿ.”