ಎರಡೂವರೆ ಡಿಗ್ರಿ ಸುಳ್ಳು

ಶ್ರಾವಣದ ಎರಡನೆಯ ಸೋಮವಾರ ನಾನೊಂದು ಸುಳ್ಳು ಹೇಳಿದೆ. ಪೂಜೆ ಮುಗಿಸಿ ಆಗಷ್ಟೇ ಎದ್ದಿದ್ದೆ. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

ಎಷ್ಟು ದೊಡ್ಡ ಸುಳ್ಳು ಎಂದು ಕೇಳುತ್ತೀರಾ? ಅಳತೆ ಹೇಳಬಲ್ಲೆ. ಎರಡೂವರೆ ಡಿಗ್ರಿ.

ಇಷ್ಟು ದಿನ ಇದನ್ನು ಬರೆಯದೆ ಇದ್ದುದಕ್ಕೆ ಕಾರಣವಿದೆ. ಸುಳ್ಳು ನನ್ನದಾದರೂ ಅದರೊಳಗಿನ ಗುಟ್ಟು ಇನ್ನೊಬ್ಬಳದು. ಆಕೆ ಮೊನ್ನೆ ದೀಪಾವಳಿಗೆ ಒಪ್ಪಿಗೆ ಕೊಟ್ಟಳು. “ಬರೀರಿ ಬಾಯಾರ, ಆದ್ರ ಹೆಸರು ಬ್ಯಾರೆ ಹಾಕ್ರಿ” ಎಂದಳು. ಹಾಕಿದ್ದೇನೆ. ಅವಳ ಅತ್ತೆಯ ಹೆಸರನ್ನೂ ಬದಲಿಸಿದ್ದೇನೆ. (ನಮ್ಮ ಓಣಿಯವರಿಗೆ ಹೇಗೂ ತಿಳಿಯುತ್ತದೆ. ಓಣಿಗೆ ತಿಳಿಯದ ಹಾಗೆ ಬರೆಯುವ ವಿದ್ಯೆಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.)

ಸುಳ್ಳಿಗಿಂತ ಮೊದಲು ಕಡ್ಡಿಯ ಕಥೆ ಹೇಳಬೇಕು.

ಹೋದ ವರ್ಷ ನಮ್ಮ ಮಗಳು ಕಸ್ತೂರಿಗೆ ಚಳಿಜ್ವರ ಹಿಡಿದಿತ್ತು. ಡಾಕ್ಟರು ಬಂದಾಗಲೆಲ್ಲ “ಮುಂಜಾನೆ ಎಷ್ಟಿತ್ತು? ಸಂಜಿಗೆ ಎಷ್ಟಾತು?” ಎಂದು ಕೇಳುತ್ತಿದ್ದರು. ನಾನು “ಭಾಳ ಇತ್ರಿ” ಎನ್ನುತ್ತಿದ್ದೆ. ‘ಭಾಳ’ ಎಂಬುದು ಡಾಕ್ಟರ ವಹಿಯಲ್ಲಿ ಬರೆಯುವಂಥ ಅಂಕಿಯಲ್ಲವಂತೆ. ನಮ್ಮ ಮನೆಯವರು ಗದಗ ಸ್ಟೇಶನ್ನಿನ ಗೂಡ್ಸ್ ಆಫೀಸಿನಲ್ಲಿ ಕಾರಕೂನರು. ಅಂಕಿ ಇಲ್ಲದ ಮಾತು ಅವರಿಗೂ ಸೇರುವುದಿಲ್ಲ. ಮರುದಿನವೇ ಹುಬ್ಬಳ್ಳಿಗೆ ಹೋಗಿ ಒಂದು ಥರ್ಮಾಮೀಟರು ತಂದರು. ಕರಿಯ ಡಬ್ಬಿ, ಅದರೊಳಗೆ ಹತ್ತಿ, ಹತ್ತಿಯೊಳಗೆ ಗಾಜಿನ ಕಡ್ಡಿ. ಬಾಣಂತಿಯ ಕೂಸಿನ ಹಾಗೆ ಮಲಗಿತ್ತು.

ಅದನ್ನು ಓದುವುದು ಸುಲಭವಲ್ಲ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಆದರೂ ಎಂಟು ದಿನ ಬೇಕಾಯಿತು. ಬೆಳಕಿಗೆ ಹಿಡಿದು, ಎರಡು ಬೆರಳಲ್ಲಿ ಮೆಲ್ಲಗೆ ಹೊರಳಿಸಬೇಕು. ಒಂದೇ ಒಂದು ಓರೆಯಲ್ಲಿ ಬೆಳ್ಳಿಯ ಗೆರೆ ಮಿಂಚುತ್ತದೆ. ಸ್ವಲ್ಪ ಆಚೆ ಈಚೆ ಆದರೆ ಮಾಯ! ಕೆಂಪು ಬಾಣದ ಗುರುತಿನ ಹತ್ತಿರ, ತೊಂಬತ್ತೆಂಟೂವರೆಯ ಆಸುಪಾಸು ನಿಂತರೆ ನಾರ್ಮಲ್. ಅದನ್ನು ದಾಟಿದರೆ ಜ್ವರ.

ಕಸ್ತೂರಿಯ ಜ್ವರ ಇಳಿಯಿತು. ದೇವರು ದೊಡ್ಡವನು. ಆದರೆ ಕಡ್ಡಿಯ ಸುದ್ದಿ ಇಳಿಯಲಿಲ್ಲ.

ಬೆಟಗೇರಿಯ ನಮ್ಮ ಓಣಿಯಲ್ಲಿ ಹೆಚ್ಚಿನ ಮನೆಗಳು ನೇಕಾರರವು. ಬೆಳಗಾದರೆ ಮಗ್ಗದ ಖಟ್-ಖಟ್. ಯಾವ ಮನೆಯ ಮಗ್ಗ ನಿಂತಿದೆ ಎಂಬುದು ಕಿವಿಗೇ ತಿಳಿಯುತ್ತದೆ. ನಿಂತ ಮಗ್ಗಕ್ಕೆ ಕಾರಣ ಬೇಕಲ್ಲ? ಮೊದಲು “ಮೈಯಾಗ ಆರಾಮ ಇಲ್ರಿ” ಎಂದರೆ ಸಾಕಿತ್ತು. ಕಡ್ಡಿ ಬಂದ ಮೇಲೆ ಅಷ್ಟು ಸಾಲದು. “ಹೌದೇನು? ನಡಿ, ಕಾರಕೂನ ಬಾಯಾರ ಕಡೆ ಕಡ್ಡಿ ಇಡಸೋಣು.”

ನಾಲ್ಕು ಮನೆ ಆಚೆಯ ಫಕೀರಪ್ಪನಿಗೆ ಪ್ರತಿ ಸಂತೆಯ ದಿನ ತಪ್ಪದೆ ಜ್ವರ ಬರುತ್ತಿತ್ತು. ಒಂದು ಸಂತೆಯ ದಿನ ಅವನ ಹೆಂಡತಿಯೇ ಅವನನ್ನು ಎಳೆದುಕೊಂಡು ಬಂದಳು. ಕಡ್ಡಿಯ ಗೆರೆ ಕೆಂಪು ಬಾಣದ ಮೇಲೆ ಗೂಟ ಹೊಡೆದಂತೆ ನಿಂತಿತ್ತು. ನಾನು ಇದ್ದುದನ್ನು ಇದ್ದ ಹಾಗೆ ಹೇಳಿದೆ. ಅವತ್ತಿನಿಂದ ಫಕೀರಪ್ಪ ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ. ಇನ್ನು ನಿಜವಾಗಿ ಜ್ವರ ಬಂದವರ ಜಂಬ ಕೇಳಬೇಡಿ. “ಆಕಿಗೆ ಬರೇ ನೂರಾ ಎರಡು. ನನಗ ನೂರಾ ನಾಕಕ್ಕ ಹತ್ತು ಪಾಯಿಂಟು ಕಡಿಮಿ ಇತ್ತು!” (ಹತ್ತು ಪಾಯಿಂಟು ಕಡಿಮೆ ಎಂದರೆ ನೂರಾ ಮೂರೇ. ನಾನು ತಿದ್ದಲು ಹೋಗಲಿಲ್ಲ.)

ಯಾರ ಮೈ ಎಷ್ಟು ಬಿಸಿ ಎಂಬುದು ಅವರ ಅವ್ವನಿಗೆ ಮಾತ್ರ ತಿಳಿಯುತ್ತಿದ್ದ ಕಾಲವಿತ್ತು. ಈಗ ಅಂಕಿ ಬಾವಿಕಟ್ಟೆಗೆ ಹೋಗಿ, ಅಲ್ಲಿಂದ ಹಿಟ್ಟಿನ ಗಿರಣಿಗೆ ಹೋಗಿ, ರೋಗಿ ಹೊದಿಕೆ ಹೊದ್ದುಕೊಳ್ಳುವಷ್ಟರಲ್ಲಿ ಓಣಿ ಸುತ್ತಿ ಬಂದಿರುತ್ತದೆ. ನನಗೇನೂ ತಪ್ಪು ಕಾಣಲಿಲ್ಲ. ನಿಜ ಹೇಳಬೇಕೆಂದರೆ ಹಿಗ್ಗೇ ಇತ್ತು. ಡಾಕ್ಟರ ನಂತರ ಓಣಿಯಲ್ಲಿ ನಾನೇ!

ಆ ಸೋಮವಾರ ಬಂದವಳು ಪಕ್ಕದ ಮನೆಯ ನೀಲವ್ವ. ಅವಳ ಹಿಂದೆ ಸೊಸೆ ಗಂಗವ್ವ. ಹರ್ತಿ ಊರಿನ ಹುಡುಗಿ, ಮದುವೆಯಾಗಿ ಎರಡು ವರ್ಷ. ಅವರ ಮನೆಯಲ್ಲಿ ಎರಡು ಮಗ್ಗ. ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆಗಳನ್ನು ಸುತ್ತುವುದು ಗಂಗವ್ವನ ಕೆಲಸ. ಆಕೆಯ ರಾಟಿ ನಿಂತರೆ ಎರಡೂ ಮಗ್ಗ ನಿಂತವು.

“ನೋಡ್ರಿ ಬಾಯಾರ” ಎಂದಳು ನೀಲವ್ವ. “ಮೂರು ದಿನಾತು, ಮೈ ಕೈ ಸೋತಾವ ಅಂತಾಳ. ಒಲ್ಲೆ ಅನ್ನಾಂಗಿಲ್ಲ ನಾ. ಖರೆ ಜ್ವರ ಇದ್ರ ಮಲಗಲಿ. ಇಲ್ಲಾಂದ್ರ ಅಲ್ಲಿ ಕಂಡಿಕಿ ಕಾಯಾಕತ್ತಾವ. ಶುಕ್ರವಾರಕ್ಕ ಸೀರಿ ಕೊಡಬೇಕು.”

ನೀಲವ್ವ ಕೆಟ್ಟವಳಲ್ಲ. ಇದನ್ನು ಬರೆಯಲೇಬೇಕು. ನನಗೆ ಹೆರಿಗೆ ಕಷ್ಟವಾದಾಗ ಇಡೀ ದಿನ ನನ್ನ ಬೆನ್ನು ನೀವಿದ ಕೈ ಅವಳದು. ಆದರೆ ಕೈಯಿಂದ ಆಗುವ ಕೆಲಸವನ್ನು ಕಡ್ಡಿ ಮಾಡುತ್ತದೆ ಎಂದು ಓಣಿಗೆಲ್ಲ ಕಲಿಸಿದವಳು ನಾನೇ ಅಲ್ಲವೇ?

ಕಡ್ಡಿಯನ್ನು ಜಾಡಿಸಿ ಗಂಗವ್ವನ ನಾಲಿಗೆಯ ಕೆಳಗಿಟ್ಟೆ. “ತುಟಿ ಮುಚ್ಚು. ಮಾತಾಡಬ್ಯಾಡ” ಎಂದೆ.

ಎರಡು ನಿಮಿಷ ಆಕೆ ನನ್ನ ಮುಖವನ್ನೇ ನೋಡುತ್ತ ಕುಳಿತಳು. ನಾನು ಅವಳ ಕೈ ಹಿಡಿದಿದ್ದೆ. ಬಾವಿಯ ಹಗ್ಗ ಮುಟ್ಟಿದ ಹಾಗೆ ತಣ್ಣಗಿತ್ತು. ಕಣ್ಣಿನ ಕೆಳರೆಪ್ಪೆಯೊಳಗೆ ರಕ್ತದ ಗುರುತೇ ಇಲ್ಲ, ಬಿಳಿ ಬಿಳಿ. ಏನನ್ನೋ ಹೇಳಬೇಕು ಎನ್ನುವಂಥ ಕಣ್ಣು. ಹೇಳುವುದು ಹೇಗೆ? ಬಾಯಿಗೆ ನಾನೇ ಕಡ್ಡಿ ಇಟ್ಟಿದ್ದೆ.

ಆಗ ನನಗೆ ಹೊಳೆಯಿತು. ಬಾಯಿ ಇರುವ ಹುಡುಗಿಯ ಬಾಯಿ ಮುಚ್ಚಿಸಿ, ಬಾಯಿ ಇಲ್ಲದ ಗಾಜನ್ನು ನಾವು ಪ್ರಶ್ನೆ ಕೇಳುತ್ತಿದ್ದೇವೆ!

ತೆಗೆದು ಬೆಳಕಿಗೆ ಹಿಡಿದೆ. ತೊಂಬತ್ತೆಂಟೂವರೆ. ಕೆಂಪು ಬಾಣದ ಪಕ್ಕದಲ್ಲೇ.

“ಎಷ್ಟೈತ್ರಿ?” ಎಂದಳು ನೀಲವ್ವ.

“ನೂರಾ ಒಂದು” ಎಂದೆ.

ನನ್ನ ಧ್ವನಿ ನನಗೇ ಬೇರೆಯವರದು ಎನ್ನಿಸಿತು. ದೇವರ ಕೋಣೆಯ ಕಡೆ ಬೆನ್ನು ಮಾಡಿ ನಿಂತೆ. ನೀಲವ್ವ “ಅಯ್ಯ ಶಿವನ! ನೂರಾ ಒಂದು?” ಎಂದು ಸೊಸೆಯ ತಲೆಯ ಮೇಲೆ ಸೆರಗು ಹೊದಿಸಿ ಕರೆದುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ಗಂಜಿ ಕುದಿಯುವ ವಾಸನೆ ಬಂತು. ಮಗ್ಗಗಳು ಒಂದೊಂದಾಗಿ ನಿಂತವು.

ಒಂದು ಸುಳ್ಳು ಹೇಳಿದರೆ ಮುಗಿಯಿತು ಎಂದುಕೊಂಡಿದ್ದೆ. ಎಷ್ಟು ದಡ್ಡಿ ನಾನು! ನೂರಾ ಒಂದು ಒಮ್ಮೆಲೇ ಇಳಿಯುವುದುಂಟೇ? ಮರುದಿನ ನೀಲವ್ವ ಮತ್ತೆ ಕರೆದಳು. ಕಡ್ಡಿ ಹಿಡಿದು ಅವರ ಮನೆಗೆ ಹೋದೆ. ನೀಲವ್ವ ಅತ್ತ ನೀರಿಗೆ ಹೋದದ್ದೇ ತಡ, ಗಂಗವ್ವ ಕಡ್ಡಿ ತಳ್ಳಿ ನನ್ನ ಕೈ ಹಿಡಿದುಕೊಂಡಳು.

“ಬಾಯಾರ, ನನಗ ಜ್ವರ ಇಲ್ಲ. ನಿಮಗೂ ಗೊತ್ತೈತಿ.”

“ಹೌದವ್ವ, ಗೊತ್ತೈತಿ. ಮತ್ತೇನಾಗೇತಿ?”

“ಎರಡು ತಿಂಗಳಾತ್ರಿ. ರಾಟಿ ಮುಂದ ಕುಂತ್ರ ಕಣ್ಣಿಗೆ ಕತ್ತಲಿ ಬರ್ತೈತಿ. ಯಾರ ಮುಂದನೂ ಹೇಳಬ್ಯಾಡ್ರಿ. ಮೂರು ತಿಂಗಳು ತುಂಬಲಿ.”

ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಹೋಳಿಹುಣ್ಣಿಮೆಯ ಸುಮಾರಿಗೆ ಆಕೆಗೆ ಹೀಗೆಯೇ ಆಗಿತ್ತು. ಸುದ್ದಿ ಒಂದೇ ದಿನದಲ್ಲಿ ಓಣಿ ತುಂಬಿತ್ತು. ಮುಂದೆ ಒಂದು ತಿಂಗಳೂ ಕೂಸು ನಿಲ್ಲಲಿಲ್ಲ. ಆಮೇಲೆ ಸಮಾಧಾನ ಹೇಳಲು ಬಂದವರ ಸಾಲು ನೋಡಬೇಕಿತ್ತು. “ಏನ ತಿಂದಿದ್ದಿ?” “ಭಾರ ಎತ್ತಿದ್ದೇನು?” “ಅಮಾಸಿ ದಿನ ಹೊರಗ ಹೋಗಿದ್ದೇನು?” ಸಮಾಧಾನವೋ, ಪೋಲೀಸು ವಿಚಾರಣೆಯೋ? ಆ ಸಾಲಿನಲ್ಲಿ ನಾನೂ ಇದ್ದೆ. ಏನು ತಿಂದಿದ್ದಿ ಎಂದು ಕೇಳಿದವಳು ನಾನೇ.

ನೀಲವ್ವ ಕೊಡ ಇಳಿಸಿ ಒಳಗೆ ಬಂದಳು. “ಇಳೀತೇನ್ರಿ?”

“ನೂರಕ್ಕ ಬಂದೈತಿ” ಎಂದೆ. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸುಲಭವಾಗಿ ಬಂತು. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ದೇವರು ಕೊಟ್ಟದ್ದನ್ನು ಬೆರಳು ಮಡಿಸಿ ಎಣಿಸುವುದು ನನ್ನ ರೂಢಿ. ಬಾವಿಯಲ್ಲಿ ನೀರಿದೆ, ಒಂದು. ಮಗಳು ಎರಡು ರೊಟ್ಟಿ ತಿಂದಳು, ಎರಡು. ಮನೆಯವರು ಹೊತ್ತಿಗೆ ಸರಿಯಾಗಿ ಬಂದರು, ಮೂರು. ಅವತ್ತು ಮೂರರ ಮುಂದೆ ಬೆರಳು ಮಡಿಸಲಿಲ್ಲ. ಗಂಗವ್ವ ಮಲಗಿದ್ದಾಳೆ ಎಂಬುದು ದೇವರ ದಯೆಯೋ, ನನ್ನ ಪಾಪವೋ? ಯಾವ ಕೈಯಲ್ಲಿ ಎಣಿಸಲಿ?

ಬುಧವಾರ ಬೆಳಿಗ್ಗೆ ಕಡ್ಡಿಯ ಡಬ್ಬಿ ಹಿಡಿದು ಹೋದೆ. ನೀಲವ್ವ ಸೊಸೆಯ ಹಾಸಿಗೆಯ ಪಕ್ಕ ಕುಳಿತಿದ್ದಳು. ಅವಳ ಬಲಗೈ ಗಂಗವ್ವನ ಹಣೆಯ ಮೇಲಿತ್ತು.

“ಕುಂಡ್ರಿ ಬಾಯಾರ. ಡಬ್ಬಿ ತೆಗೀಬ್ಯಾಡ್ರಿ. ಒಂದು ಮಾತು ಕೇಳ್ತೀನಿ.”

ಕುಳಿತೆ.

“ಆರು ಮಕ್ಕಳ ಹಣಿ ಮುಟ್ಟಿದ ಕೈ ಇದು. ಇದರಾಗ ನೂರು ಇಲ್ಲ. ನಿನ್ನೆನೂ ಇರಲಿಲ್ಲ. ನಿಮ್ಮ ಕಡ್ಡಿ ಕೆಟ್ಟೈತೋ, ನನ್ನ ಕೈ ಕೆಟ್ಟೈತೋ?”

ಓದುಗರೇ, ನೀವೇ ಹೇಳಿ. ಕಡ್ಡಿ ಕೆಟ್ಟಿದೆ ಎಂದರೆ ಅದು ಮೂರನೆಯ ಸುಳ್ಳು. ನಿಜ ಹೇಳಿದರೆ ಯಾಕೆ ಎಂದು ಕೇಳುತ್ತಾಳೆ. ಆಗ ಗಂಗವ್ವನ ಗುಟ್ಟು ಎರಡನೆಯ ಸಲ ಓಣಿಗೆ ಬೀಳುತ್ತದೆ, ಅದೂ ನನ್ನ ಬಾಯಿಂದ. ಏನು ಮಾಡಲಿ?

ಅರ್ಧ ನಿಜ ಹೇಳಿದೆ. “ಕಡ್ಡಿನೂ ಕೆಟ್ಟಿಲ್ಲ, ನಿಮ್ಮ ಕೈಯೂ ಕೆಟ್ಟಿಲ್ಲ ನೀಲವ್ವ. ಕೆಟ್ಟಾಕಿ ನಾನು. ಸುಳ್ಳು ಹೇಳೀನಿ. ಯಾಕಂತ ನನ್ನ ಕೇಳಬ್ಯಾಡ್ರಿ.”

ಬೈಯುತ್ತಾಳೆ ಎಂದುಕೊಂಡೆ. ನೀಲವ್ವ ಬೈಯಲಿಲ್ಲ. ಹಣೆಯ ಮೇಲಿನ ಕೈ ಹಾಗೆಯೇ ಕೆಳಗೆ ಬಂತು. ಕೆನ್ನೆ ಮುಟ್ಟಿತು. ಕಣ್ಣಿನ ರೆಪ್ಪೆ ಬಿಡಿಸಿ ನೋಡಿತು. ಮಣಿಕಟ್ಟು ಹಿಡಿದು ನಾಡಿ ನೋಡಿತು. ಆಮೇಲೆ ನೀಲವ್ವ ಸೊಸೆಯ ಮುಖ ನೋಡಿದಳು. ಮೂರು ದಿನಗಳಲ್ಲಿ ಮೊದಲ ಸಲ ನೋಡಿದಳು ಎಂದೇ ನನಗನ್ನಿಸಿತು.

“ಎಷ್ಟು ತಿಂಗಳಲೇ?” ಎಂದಳು ಮೆಲ್ಲಗೆ.

ಗಂಗವ್ವ ಎರಡು ಬೆರಳು ತೋರಿಸಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

“ನನ್ನ ಮುಂದರ ಹೇಳಬಾರದೇನ? ನಾ ಏನು ಹುಲಿ ಏನು, ಕರಡಿ ಏನು?”

“ನೀವು ನನ್ನ ಎಲ್ಲಿ ಕೇಳಿದ್ರಿ ಅತ್ತಿ? ಕಡ್ಡಿ ಕೇಳಿದ್ರಿ.”

ಹೊರಗೆ ನೀಲವ್ವನ ಮಗ ಮಗ್ಗದ ಗುಂಡಿಯಲ್ಲಿ ಕುಳಿತು ಇದ್ದಬದ್ದ ಕಂಡಿಕೆಯಲ್ಲಿ ನೇಯುತ್ತಿದ್ದ. ನೀಲವ್ವ ಎದ್ದು ಒಳಗೆ ಹೋದಳು. ಹೋದವಳು ರಾಟಿಯನ್ನು ಎತ್ತಿ ತನ್ನ ಮೂಲೆಗೆ ಇಟ್ಟುಕೊಂಡು ಬಂದಳು. “ಇನ್ನ ಕಂಡಿಕಿ ನಾ ಸುತ್ತೀನಿ. ಓಣ್ಯಾಗ ಕೇಳಿದ್ರ ಆಕಿಗೆ ಜ್ವರ. ನೂರಾ ಒಂದು. ಏನ್ರಿ ಬಾಯಾರ?”

“ನೂರಾ ಒಂದೂವರೆ ಅನ್ರಿ” ಎಂದೆ. ಮೂವರೂ ನಕ್ಕೆವು.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ನೀಲವ್ವನಿಗೆ ಈಗ ಖರೆ ಖರೆ ಜ್ವರ ಇಲ್ಲವಷ್ಟೇ ಎಂದು ಖಾತ್ರಿ ಬೇಕಾಯಿತು. “ಒಮ್ಮೆ ಕಡ್ಡಿ ಇಟ್ಟು ನೋಡೇಬಿಡೂಣು. ತಡೀರಿ, ಇದು ಓಣಿ ಎಲ್ಲಾರ ಎಂಜಲಾಗೇತಿ. ಬಸುರಿ ಬಾಯಾಗ ಹಂಗ ಇಡಬಾರದು.” ಡಬ್ಬಿ ನನ್ನ ಕೈಯಿಂದ ತೆಗೆದುಕೊಂಡಳು. ನಾನು ದಿನಾ ತಣ್ಣೀರಲ್ಲಿ ತೊಳೆದು ಚೂರು ವಿಭೂತಿ ಸವರಿ ಇಡುತ್ತಿದ್ದೆ. ಅದು ಅವಳಿಗೆ ಸಾಲಲಿಲ್ಲ. ಮಡಿ ಎಂದರೆ ಮಡಿ. ಬಚ್ಚಲ ಕಲ್ಲಿನ ಮೇಲೆ ಕಡ್ಡಿ ಇಟ್ಟು, ಒಲೆಯ ಮೇಲೆ ಕೊತಕೊತ ಕುದಿಯುತ್ತಿದ್ದ ನೀರನ್ನು ಸುರಿದೇಬಿಟ್ಟಳು.

“ನೀಲವ್ವಾ!” ಎನ್ನುವಷ್ಟರಲ್ಲಿ ಟಿಕ್ ಎಂದಿತು.

ನೂರಾ ಹತ್ತರವರೆಗೆ ಮಾತ್ರ ಎಣಿಸಲು ಬರುವ ಕಡ್ಡಿಗೆ ಕುದಿಯುವ ನೀರಿನ ಲೆಕ್ಕ ಹೇಗೆ ಸಿಕ್ಕೀತು? ಗಾಜು ಒಡೆದು ಬೆಳ್ಳಿಯ ಮುತ್ತುಗಳು ಕಲ್ಲಿನ ಮೇಲೆ ಓಡಾಡಿದವು. ಮುಟ್ಟಿದರೆ ಒಂದು ಎರಡಾಗುತ್ತಿತ್ತು, ಎರಡು ನಾಲ್ಕಾಗುತ್ತಿತ್ತು. ಏನು ಚಂದ! ನೀಲವ್ವ ಮುತ್ತು ಆರಿಸಲು ಕೈ ಚಾಚಿದಳು. ಡ್ಯೂಟಿಗೆ ಹೊರಟಿದ್ದ ನಮ್ಮ ಮನೆಯವರು ಗದ್ದಲ ಕೇಳಿ ಬಾಗಿಲಲ್ಲಿ ಇಣುಕಿದವರೇ, “ಮುಟ್ಟಬ್ಯಾಡ್ರಿ! ಪಾದರಸ ಅದು, ವಿಷ!” ಎಂದು ಕೂಗಿದರು. ಎರಡು ಕಾಗದದ ಚೂರಿನಿಂದ ಬಳಿದು, ಸೀಸೆಗೆ ಹಾಕಿ, ಬೂಚು ಬಡಿದರು.

ನೀಲವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. “ನನ್ನ ಶಿವನ! ನೀ ವಿಷ ಗಂಟಲಾಗ ಇಟ್ಕೊಂಡಿ. ನಾವು ನಾಲಿಗಿ ಬುಡಕ ಇಟ್ಕೊಂಡು ಜ್ವರ ಕೇಳ್ತಿದ್ವಿ!”

ಅವತ್ತು ಸಂಜೆ ಐದು ಬೆರಳೂ ಮಡಿಸಿದೆ. ಕಡ್ಡಿ ಆ ಹುಡುಗಿಯ ಬಾಯೊಳಗೆ ಒಡೆಯಲಿಲ್ಲವಲ್ಲ, ಅದಕ್ಕೆ ಐದನೆಯ ಬೆರಳು.

ಮೊನ್ನೆ ನಾಡು ಒಂದಾಯಿತೆಂದು ಓಣಿಯಲ್ಲಿ ಸಕ್ಕರೆ ಹಂಚಿದರು. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂತಂತೆ. ಸಂತೋಷವೇ. ಗೋಡೆಯಾಚೆಯ ಅತ್ತೆ-ಸೊಸೆ ಒಂದಾದದ್ದಕ್ಕೆ ನಾನು ಒಂದು ಚಿಟಿಕೆ ಹೆಚ್ಚಿಗೆ ತಿಂದೆ. ಗಂಗವ್ವನಿಗೆ ಈಗ ಐದು ತಿಂಗಳು. ಬರುವ ವಾರ ಕುಬಸ, ಅಂದರೆ ಸೀಮಂತ. ಹರ್ತಿಯಿಂದ ತವರಿನವರು ಹಸಿರು ಬಳೆ, ಹಸಿರು ಸೀರೆ ತರುತ್ತಾರೆ. ಕೆನ್ನೆಗೆ ಬಣ್ಣ ಬಂದಿದೆ. ರಾಟಿ ಇನ್ನೂ ನೀಲವ್ವನ ಮೂಲೆಯಲ್ಲೇ ಇದೆ. “ಸೊಂಟ ಹೋತ್ರಿ ಬಾಯಾರ” ಎಂದು ಗೊಣಗುತ್ತಲೇ ಸುತ್ತುತ್ತಾಳೆ.

ನಮ್ಮ ಮನೆಯವರು ಹೊಸ ಕಡ್ಡಿ ತರುತ್ತೇನೆ ಎನ್ನುತ್ತಿದ್ದಾರೆ. ತರಲಿ. ಡಾಕ್ಟರಿಗೆ ಅಂಕಿ ಬೇಕು, ಕಸ್ತೂರಿಗೆ ಮತ್ತೆ ಚಳಿಜ್ವರ ಬಂದರೆ ನನಗೂ ಬೇಕು. ಆದರೆ ಇನ್ನು ಮೇಲೆ ಅದನ್ನು ಕೇಳಿ ಬಂದವರಿಗೆ ನನ್ನದೊಂದು ಕರಾರು. ಮೊದಲು ಕೈಯಿಂದ ಹಣೆ ಮುಟ್ಟಿ ನೋಡಿ, ಬಾಯಿಂದ ಏನಾಗಿದೆ ಎಂದು ಕೇಳಿ ಬರಬೇಕು. ಅಂಕಿ ಎಷ್ಟು ಎಂಬುದನ್ನು ರೋಗಿಯ ಕಿವಿಯಲ್ಲಿ ಮಾತ್ರ ಹೇಳುತ್ತೇನೆ. ಫಕೀರಪ್ಪನಿಗೂ ಈ ಸುದ್ದಿ ಮುಟ್ಟಿಸಿದ್ದೇನೆ, ಪಾಪ.

ಉಳಿದದ್ದು ನನ್ನ ಎರಡೂವರೆ ಡಿಗ್ರಿ. ಶ್ರಾವಣ ಸೋಮವಾರ, ಹಸಿ ವಿಭೂತಿ, ಪೂಜೆಯ ಮನೆ. ಯಾವ ನೀರಲ್ಲಿ ತೊಳೆದರೂ ಅದು ಸುಳ್ಳೇ. ಒಂದಲ್ಲ ಒಂದು ದಿನ ಅವನ ಮುಂದೆ ನಿಲ್ಲಲೇಬೇಕು. ಆಗ ಶಿವ ನನ್ನ ಬಾಯಿಗೆ ಕಡ್ಡಿ ಇಡುತ್ತಾನೋ, ಹಣೆ ಮುಟ್ಟಿ ನೋಡುತ್ತಾನೋ?